ನಮ್ಮ ಮನೆಯ ಬರಿಗೋಡೆಗಳು

ನಮ್ಮ ಮನೆತನವನ್ನು ಈ ಭಾಗದಲ್ಲಿ ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ನಿಜಾಮರ ಕಾಲದಲ್ಲಿ ನನ್ನ ಅಜ್ಜ ಲಿಂಗಸುಗೂರಿನ ಅದಾಲತ್ತಿನಲ್ಲಿ ವಕೀಲರು. ಹಗಲೆಲ್ಲ ಉರ್ದುವಿನಲ್ಲಿ ವಾದ ಮಾಡಿ, ಸಂಜೆ ಮನೆಗೆ ಬಂದು ಕನ್ನಡದಲ್ಲಿ ಪೂಜೆ ಮಾಡುತ್ತಿದ್ದರು. ತಂದೆ ಹೈಸ್ಕೂಲಿನ ಹೆಡ್‌ಮಾಸ್ಟರ್. ನಮ್ಮ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದು ಹೋದವರು ಹೊರಗೆ ನಮ್ಮ ಬಗ್ಗೆ ಹಗುರವಾಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನನ್ನನ್ನು ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಇಟ್ಟು ಓದಿಸಿದರು. ಇಂಥ ಮನೆಯ ಹೆಣ್ಣುಮಗಳು ಜೀವನದಲ್ಲಿ ಒಮ್ಮೆ ನಗೆಪಾಟಲಾದರೆ ಅದನ್ನು ಅಕಸ್ಮಾತ್ ಎನ್ನಬಹುದು. ನನಗೆ ಅದು ಊರೂರಿಗೂ ಆಗಿದೆ. ಯಜಮಾನರಿಗೆ ವರ್ಗವಾದಾಗಲೆಲ್ಲ ಸಾಮಾನಿನ ಜೊತೆ ಅದೂ ಲಾರಿ ಹತ್ತಿ ಬಂದಿದೆ.

ಕಾರಣ ಇಷ್ಟೇ: ಮನೆ ಒಳಗೆ ಹೇಗಿರಬೇಕು ಎನ್ನುವುದರಲ್ಲಿ ನನಗೆ ಒಂದು ಅಭಿಪ್ರಾಯವಿದೆ. ಕಾನ್ವೆಂಟಿನಲ್ಲಿ ತಂದೆತಾಯಿ ನೋಡಲು ಬಂದಾಗ ಕೂರಿಸುವ ಒಂದು ಕೋಣೆ ಇತ್ತು. ಸುಣ್ಣದ ಗೋಡೆ, ತೊಳೆದ ಕಲ್ಲಿನ ನೆಲ, ಒಂದು ಮರದ ಬೆಂಚು, ಮೂಲೆಯಲ್ಲಿ ನೀರಿನ ಮಣ್ಣಿನ ಹರವಿ. ಅಷ್ಟೇ. ಅಲ್ಲಿ ಕುಳಿತರೆ ಮನಸ್ಸಿಗೆ ತಂಪಾಗುತ್ತಿತ್ತು. ನನ್ನ ಮನೆಯೂ ಹೀಗೇ ಇರಬೇಕೆಂದು ಆಗಲೇ ನಿಶ್ಚಯಿಸಿದ್ದೆ. ಕಲ್ಲು, ಕಟ್ಟಿಗೆ, ಮಣ್ಣು, ಉಣ್ಣೆ, ಹತ್ತಿ ಇರಲಿ. ಪ್ಲಾಸ್ಟಿಕ್ ಹೂವು, ಪ್ಲಾಸ್ಟಿಕ್ ದ್ರಾಕ್ಷಿ, ಮಖಮಲ್ಲಿನ ಮೇಲೆ ಬರೆದ ಹುಲಿ ಬೇಡ.

ಆದರೆ ಮನೆಯಲ್ಲಿ ನಾನೊಬ್ಬಳೇ ಇರಲಿಲ್ಲ. ಮಾವನವರು ತೀರಿಕೊಂಡ ಮೇಲೆ ಅತ್ತೆಯವರು ನಮ್ಮ ಜೊತೆ ಇದ್ದರು. ನಮ್ಮ ಜನರಲ್ಲಿ ಸೊಸೆ ಎಂಥವಳು ಎಂದು ತಿಳಿಯಲು ಯಾರೂ ಅವಳನ್ನು ಮಾತಾಡಿಸುವುದಿಲ್ಲ. ಅತ್ತೆ ಎಲ್ಲಿ ಇದ್ದಾಳೆ ಎಂದು ಕೇಳುತ್ತಾರೆ. ಹಿರಿಯ ಮಗನ ಮನೆ ಬಿಟ್ಟು ಮಗಳ ಮನೆಗೆ ಹೋದಳು ಎಂದರೆ ಮುಗಿಯಿತು, ಸೊಸೆಯ ಹೆಸರಿನ ಜೊತೆ ಅವಳ ತವರಿನ ಹೆಸರೂ ಹೋಯಿತು. ಅತ್ತೆಯವರ ಮಗಳು, ಅಂದರೆ ನನ್ನ ನಾದಿನಿ, ಮುದಗಲ್‌ನಲ್ಲಿ ಇದ್ದಳು. ಅವಳ ಮನೆಯಲ್ಲಿ ಸೋಫಾ ಇತ್ತು, ಸೋಫಾಕ್ಕೆ ಕವರ್ ಇತ್ತು, ಕವರಿನ ಮೇಲೆ ಇನ್ನೊಂದು ಕವರ್ ಇತ್ತು. ಪ್ರತಿ ಸಲ ಬಂದಾಗ ನಮ್ಮ ಪಡಸಾಲೆಯ ನಡುವೆ ನಿಂತು ಸುತ್ತ ನೋಡಿ, "ಅವ್ವಾ, ಇಲ್ಲಿ ಏನೈತಿ ಅಂತ ಇದ್ದೀಬೇ? ನಮ್ಮನಿಗಿ ಬಾ," ಎನ್ನುವಳು. ಅತ್ತೆಯವರು ಹ್ಞೂಂ ಎನ್ನುತ್ತಿರಲಿಲ್ಲ, ಊಹ್ಞೂಂ ಎನ್ನುತ್ತಿರಲಿಲ್ಲ. "ನೋಡೂಣಂತ," ಎನ್ನುತ್ತಿದ್ದರು. ಆ "ನೋಡೂಣಂತ" ಹೊಟ್ಟೆಯಲ್ಲಿಟ್ಟುಕೊಂಡೇ ನಾನು ಮೂರು ಊರು ಸಂಸಾರ ಮಾಡಿದ್ದೇನೆ.

ಬೀಳ್ಕೊಡುಗೆ

ಎಂಬತ್ತರ ದಶಕದ ನಡುವಿನ ಮಾತು. ಯಜಮಾನರು ಲಿಂಗಸುಗೂರಿನಲ್ಲಿ ಸರ್ಕಾರಿ ಇಂಜಿನಿಯರ್. ಕ್ವಾರ್ಟರ್ಸ್‌ನ ಹಾಲಿನಲ್ಲಿ ಮದುವೆಯಲ್ಲಿ ಬಂದ ಉಡುಗೊರೆಗಳೆಲ್ಲ ತುಂಬಿದ್ದವು. ಶೋಕೇಸು, ಅದರಲ್ಲಿ ತಲೆ ಅಲ್ಲಾಡಿಸುವ ಗೊಂಬೆ, ಕಿರಾಣಿ ಅಂಗಡಿಗಳ ಕ್ಯಾಲೆಂಡರ್‌ಗಳು. ಯಜಮಾನರು ಟೂರಿಗೆ ಹೋಗಿದ್ದರು. ಒಂದು ದಿನ ಎಲ್ಲವನ್ನೂ ಟ್ರಂಕುಗಳಿಗೆ ತುಂಬಿಸಿ ಹೊರಗೆ ಕಟ್ಟೆಯ ಮೇಲೆ ಇಡಿಸಿದೆ. ಬೇಕಾದರೆ ನಾದಿನಿ ಒಯ್ಯಲಿ ಎಂದು. ಹಾಲಿಗೆ ಸುಣ್ಣ ಹೊಡೆಸಿ, ಒಂದು ಈಚಲ ಚಾಪೆ ಹಾಸಿ, ಮೂಲೆಯಲ್ಲಿ ಹರವಿ ಇಟ್ಟೆ. ನನಗೆ ಬಹಳ ಸಮಾಧಾನವಾಯಿತು. ಅತ್ತೆಯವರು ಬಾಗಿಲಲ್ಲಿ ನಿಂತು ಕೂಗಿದರು, ಕೂಗು ನಾಲ್ಕು ಗೋಡೆಗೂ ಬಡಿದು ತಿರುಗಿ ಬಂತು. "ಧರ್ಮಶಾಲಿ ಆತು," ಎಂದರು.

ಮಧ್ಯಾಹ್ನ ಕಚೇರಿಯ ಜವಾನ ಫೈಲು ಕೊಡಲು ಬಂದ. ಟ್ರಂಕುಗಳನ್ನು ನೋಡಿದ, ಖಾಲಿ ಹಾಲು ನೋಡಿದ. ಹೋಗುವಾಗ ಕಣ್ಣೊರೆಸಿಕೊಂಡ. ಸುಣ್ಣದ ಧೂಳು ಇರಬೇಕು ಎಂದುಕೊಂಡೆ.

ಮರುದಿನ ಸಂಜೆ ಯಜಮಾನರು ಟೂರಿನಿಂದ ಜೀಪಿನಲ್ಲಿ ಬಂದಿಳಿದರು. ಮನೆಯ ಮುಂದೆ ಇಡೀ ಕಚೇರಿ ನಿಂತಿತ್ತು. ಹೆಡ್ ಕ್ಲರ್ಕ್ ಕೈಯಲ್ಲಿ ಮಾಲೆ. "ಸಾಹೇಬ್ರ, ಇಷ್ಟು ಲಗೂನ ನಮ್ಮನ್ನ ಬಿಟ್ಟು ಹೋಗ್ತೀರಂತ ಅನ್ಕೊಂಡಿರಲಿಲ್ರಿ," ಎಂದು ಕೊರಳಿಗೆ ಹಾಕಿಯೇ ಬಿಟ್ಟರು. ಯಜಮಾನರು ನನ್ನ ಮುಖ ನೋಡಿದರು. ನಾನು ಟ್ರಂಕು ನೋಡಿದೆ. ಚಾಪೆಯ ಮೇಲೆ ಎಲ್ಲರೂ ಕುಳಿತರು. ಹೆಡ್ ಕ್ಲರ್ಕ್ ಭಾಷಣ ಮಾಡಿದರು; ಇಂಥ ಸಾಹೇಬರು ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ. ಜವಾನ ಬಿಕ್ಕಿಬಿಕ್ಕಿ ಅತ್ತ. ಆ ಅಳುವಿನ ನಡುವೆ "ನನಗೆ ವರ್ಗವಾಗಿಲ್ಲ" ಎಂದು ಹೇಳುವ ಧೈರ್ಯ ಯಜಮಾನರಿಗೆ ಬರಲಿಲ್ಲ. ಎದ್ದು ನಿಂತು, "ನಿಮ್ಮ ಪ್ರೀತಿ ಮರೆಯೂದಿಲ್ಲ," ಎಂದು ಉತ್ತರ ಕೊಟ್ಟರು. ಉಡುಗೊರೆಯಾಗಿ ಒಂದು ದೊಡ್ಡ ಪ್ಲಾಸ್ಟಿಕ್ ಹೂದಾನಿ ಬಂತು. ಅತ್ತೆಯವರು ಅದನ್ನು ಎದೆಗೆ ಅಪ್ಪಿಕೊಂಡು ಒಳಗೆ ಒಯ್ದರು.

ಮರುದಿನ ಯಜಮಾನರು ಎಂದಿನ ವೇಳೆಗೆ ಕಚೇರಿಗೆ ಹೋಗಿ ಎಂದಿನ ಕುರ್ಚಿಯಲ್ಲಿ ಕುಳಿತರು. ಯಾರೂ ಏನೂ ಕೇಳಲಿಲ್ಲವಂತೆ. ಅದೇ ಹೆಚ್ಚು ನಾಚಿಕೆ. ಕೆಲವು ವರ್ಷಗಳ ಮೇಲೆ ನಿಜವಾಗಿಯೇ ವರ್ಗವಾಯಿತು. ಹೊರಡುವ ದಿನ ಒಬ್ಬರೂ ಬರಲಿಲ್ಲ. ಹೆಡ್ ಕ್ಲರ್ಕ್ ಒಬ್ಬರೇ ಬಾಗಿಲವರೆಗೆ ಬಂದು ಹೇಳಿದರು: "ನಿಮ್ದು ಆಗ್ಯಾದಲ್ರೀ ಸಾಹೇಬ್ರ, ಒಮ್ಮೆ."

ಗೋಡೆಯ ಮೇಲಿನ ಕೌದಿ

ಮುಂದೆ ಮಸ್ಕಿಗೆ ಬಂದೆವು. ಬರಿಗೋಡೆ ಎಂದರೆ ಜನ ಅಪಾರ್ಥ ಮಾಡಿಕೊಳ್ಳುತ್ತಾರೆ ಎಂದು ಲಿಂಗಸುಗೂರಿನಲ್ಲಿ ಪಾಠವಾಗಿತ್ತು. ಆದ್ದರಿಂದ ಗೋಡೆಗೆ ಏನಾದರೂ ಒಂದೇ ಒಂದು ಹಾಕಬೇಕು, ಅದು ಕೈಕೆಲಸದ್ದಾಗಿರಬೇಕು ಎಂದು ಯೋಚಿಸಿದೆ. ಅತ್ತೆಯವರು ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದ ಒಂದು ಕೌದಿ ಇತ್ತು. ಅಂಚಿಗೆ ಕೆಂಪು, ನಡುವೆ ಹಸಿರು, ಸಣ್ಣ ಸಣ್ಣ ಹೊಲಿಗೆ. ನೋಡಿದರೆ ಕಣ್ಣಿಗೆ ಬೆಚ್ಚಗಾಗುತ್ತಿತ್ತು. ಅದನ್ನು ತೊಳೆದು, ಬಿದಿರ ಕೋಲಿಗೆ ಹಾಕಿ, ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಇಳಿಬಿಟ್ಟೆ. ತಾವು ಹೊಲಿದದ್ದು ಗೋಡೆ ಏರಿತೆಂದು ಅತ್ತೆಯವರಿಗೂ ಒಳಗೊಳಗೆ ಹಿಗ್ಗು. ಮೊದಲ ಸಲ ನನ್ನ ಕೆಲಸಕ್ಕೆ ಅವರು ತಲೆಯಾಡಿಸಿದ್ದು ಅಂದೇ.

ಓಣಿಯ ಹಿರಿಯ ಹೆಂಗಸೊಬ್ಬರು ಕುಂಕುಮಕ್ಕೆ ಬಂದರು. ಕೌದಿಯನ್ನು ನೋಡಿ ಮೃದುವಾಗಿ ಕೇಳಿದರು: "ಮನ್ಯಾಗ ಸಣ್ಣ ಕೂಸು ಐತೇನ್ರೀ?"

"ಇಲ್ಲ. ಮಗ ದೊಡ್ಡವನು, ಹಾಸ್ಟೆಲಿನಲ್ಲಿದ್ದಾನೆ," ಎಂದೆ.

ಅವರು ಮತ್ತೆ ಕೌದಿ ನೋಡಿದರು. ಆಮೇಲೆ ಮೆಲ್ಲಗೆ ಅತ್ತೆಯವರ ಕಡೆ ನೋಡಿದರು. "ಇರ್ಲಿ ಬಿಡ್ರಿ. ವಯಸ್ಸಾದ ಮ್ಯಾಲ ಎಲ್ಲಾರಿಗೂ ಆಗೂದ. ನಾಚಿಕಿ ಏನು ಅದ್ರಾಗ?"

ಆಗ ನನಗೆ ಹೊಳೆಯಿತು. ನಮ್ಮ ಕಡೆ ತೊಳೆದ ಕೌದಿಯನ್ನು ಎಲ್ಲರಿಗೂ ಕಾಣುವಂತೆ ಇಳಿಬಿಡುವುದು ಒಂದೇ ಕಾರಣಕ್ಕೆ: ಮನೆಯಲ್ಲಿ ಯಾರೋ ಹಾಸಿಗೆ ಒದ್ದೆ ಮಾಡಿದ್ದಾರೆ. ನನಗೆ ನೆಲ ಬಿರಿಯಬಾರದೇ ಎನಿಸಿತು. "ಅದು ಅಲಂಕಾರಕ್ಕೆ," ಎಂದೆ. ಆ ಹೆಂಗಸು ಪಾಪ, ನನ್ನ ಮಾನ ಕಾಯಲು, "ಹೌದ್ರಿ, ಅಲಂಕಾರಕ್ಕ," ಎಂದು ಕಣ್ಣು ಮಿಟುಕಿಸಿದರು.

ಅತ್ತೆಯವರಿಗೆ ತಡೆಯಲಾಗಲಿಲ್ಲ. ನೆಟ್ಟಗೆ ಕುಳಿತು, ಸ್ಪಷ್ಟವಾಗಿ ಹೇಳಿದರು: "ನಾ ಅಲ್ರೀ. ನನ ಮಗ."

ಕೌದಿಯನ್ನು ಅಂದೇ ಮಡಿಚಿಟ್ಟೆ. ಪ್ರಯೋಜನವಾಗಲಿಲ್ಲ. ಆ ವಾರ ಯಜಮಾನರಿಗೆ ಕಚೇರಿಯಲ್ಲಿ ಗುತ್ತಿಗೆದಾರರೊಬ್ಬರು ಕಾಗದದಲ್ಲಿ ಸುತ್ತಿ ಏನೋ ಕೈಗಿಟ್ಟರು. ಲಂಚ ಎಂದು ತಿಳಿದು ಯಜಮಾನರು ಸಿಟ್ಟಿನಿಂದ ಬಿಚ್ಚಿದರೆ, ಎಳ್ಳುಂಡೆ. "ಮಲಗೂ ಮುಂದ ಒಂದು ತಿನ್ರಿ ಸಾಹೇಬ್ರ," ಎಂದು ಅವರು ಕಿವಿಯಲ್ಲಿ ಹೇಳಿದರು, "ನನಗೂ ಇತ್ತು."

ಕಂಬಳಿ

ಕೌದಿ ಹೋದ ಮೇಲೆ ಗೋಡೆಯ ಸಹವಾಸವೇ ಬೇಡವೆಂದು ನೆಲಕ್ಕೆ ಇಳಿದೆ. ಕುರಿಗಾರರ ಕಡೆಯಿಂದ ಒಳ್ಳೆಯ ಕರಿಯ ಕಂಬಳಿ ತರಿಸಿ ಪಡಸಾಲೆಯಲ್ಲಿ ಹಾಸಿದೆ. ಕಲ್ಲಿನ ನೆಲದ ಮೇಲೆ ಕರಿಯ ಉಣ್ಣೆ ಬಹಳ ಗಂಭೀರವಾಗಿ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಇಬ್ಬರು ಅಣ್ಣತಮ್ಮಂದಿರು ಜಗಳವಾಡುತ್ತಾ ರಸ್ತೆಯಲ್ಲಿ ಹೋಗುತ್ತಿದ್ದವರು ತೆರೆದ ಬಾಗಿಲಿನಿಂದ ಕಂಬಳಿ ನೋಡಿ ಗಕ್ಕನೆ ನಿಂತರು. ಚಪ್ಪಲಿ ಬಿಟ್ಟು ಒಳಗೆ ಬಂದರು, ಕಂಬಳಿ ಮುಟ್ಟಿ ಕಣ್ಣಿಗೊತ್ತಿಕೊಂಡು, ಅದರ ಅಂಚಿಗೆ ಕುಳಿತರು.

"ಯಾರು ಬೇಕು?" ಎಂದೆ.

"ಕಂಬಳಿ ಹಾಸ್ಯಾರಲ್ರೀ. ದೈವ ಯಾವಾಗ ಕೂಡ್ತದ?" ಎಂದು ಹಿರಿಯವ ಕೇಳಿದ. ದೈವ ಎಂದರೆ ಪಂಚಾಯಿತಿಗೆ ಕೂಡುವ ಊರ ಹಿರಿಯರು. ಅವರು ಕೂಡುವುದು ಕಂಬಳಿಯ ಮೇಲೆ.

ಇದು ಇಂಜಿನಿಯರ್ ಸಾಹೇಬರ ಮನೆ ಎಂದು ನಾನು ಹೇಳುವಷ್ಟರಲ್ಲಿ ಅತ್ತೆಯವರು ಕಂಬಳಿಯ ನಡುವೆ ಬಂದು ಕುಳಿತಾಗಿತ್ತು. "ಏನ್ ತಂಟಿ ನಿಮ್ದು? ಹೇಳ್ರಿ." ತಂಟೆ ಒಂದು ಎಮ್ಮೆಯದು. ಅಣ್ಣನ ಕೊಟ್ಟಿಗೆಯಲ್ಲಿ ಕಟ್ಟಿದರೆ ಅದು ತಮ್ಮನ ಜೋಳದ ಕಣಿಕೆ ತಿನ್ನುತ್ತಿತ್ತು. ಅತ್ತೆಯವರು ತೀರ್ಪು ಕೊಟ್ಟರು: "ಎಮ್ಮಿ ಕೇಳ್ರಿ. ಬಿಟ್ರ ಯಾರ ಮನಿಗಿ ಹೋಗ್ತದೋ ಅವರದು." ಇಬ್ಬರೂ ಒಪ್ಪಿ ಎದ್ದು ಹೋದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ವಕೀಲರ ಮೊಮ್ಮಗಳ ಮನೆಯಲ್ಲಿ ಎಮ್ಮೆಯ ಸಾಕ್ಷಿಯ ಮೇಲೆ ನ್ಯಾಯ.

ಸಂಜೆ ಸುದ್ದಿ ಬಂತು: ಎಮ್ಮೆಯನ್ನು ಬಿಟ್ಟರಂತೆ, ಅದು ನೇರವಾಗಿ ನಮ್ಮ ಹಿತ್ತಲಿಗೆ ಬಂದು ನಿಂತಿತ್ತು.

ಮಣ್ಣು

ತೊಂಬತ್ತರ ದಶಕದ ಶುರುವಿನಲ್ಲಿ ಸಿಂಧನೂರಿಗೆ ವರ್ಗವಾಯಿತು. ನಾಲೆ ನೀರು ಬಂದು ಭತ್ತ ಬೆಳೆದು ಊರು ಬೆಳೆದಿತ್ತು. ಹೊಸ ಮನೆಗಳೆಲ್ಲ ಸಿಮೆಂಟಿನವು. ನಮ್ಮ ಬಾಡಿಗೆ ಮನೆಯೂ ಹಾಗೇ, ಬೇಸಿಗೆಯಲ್ಲಿ ಗೋಡೆಗೆ ರೊಟ್ಟಿ ಹಚ್ಚಿದರೆ ಬೇಯುತ್ತಿತ್ತು. ಅತ್ತೆಯವರ ಕೋಣೆಗೆ ಪಡುವಣ ಬಿಸಿಲು. ಆ ವರ್ಷ ಅವರ "ನೋಡೂಣಂತ" ಬದಲಾಗಿ, "ಉಗಾದಿ ಆದ ಮ್ಯಾಲ ಮಗಳ ಮನಿಗಿ ಹೋಗ್ತೀನಿ. ಬೆಂದು ಸಾಯೂದು ನನ್ನ ಕೈಲೆ ಆಗೂದಿಲ್ಲ," ಎಂದು ಬಾಯಿಬಿಟ್ಟು ಹೇಳಿದರು. ಹೋದರೆ ತಿರುಗಿ ಬರುವುದಿಲ್ಲ ಎಂದು ನನಗೂ ಗೊತ್ತು, ನಾದಿನಿಗೂ ಗೊತ್ತು.

ನಾನು ಮನೆಯ ಮಾಲೀಕರ ಒಪ್ಪಿಗೆ ಪಡೆದು ಒಂದು ನಿರ್ಧಾರ ಮಾಡಿದೆ. ಆ ಕೋಣೆಯ ಗೋಡೆಗೆ ಒಳಗಿನಿಂದ ಕೆಮ್ಮಣ್ಣು ಮೆತ್ತಿಸುವುದು. ಹೊಟ್ಟು ಕಲಸಿದ ಮಣ್ಣು, ಮೇಲೆ ಸುಣ್ಣ. ಹಳೆಯ ಮನೆಯ ತಂಪು ಬರುತ್ತದೆ. ಕೋಣೆಯಲ್ಲಿ ಕಬ್ಬಿಣದ ಮಂಚದ ಬದಲು ಅವರದೇ ಹಳೆಯ ಹಗ್ಗದ ಹೊರಸು ಇದ್ದರೆ ಚೆನ್ನ. ಆ ಹೊರಸು ನಾದಿನಿಯ ಮನೆಯಲ್ಲಿತ್ತು. ಜವಳಗೇರಾ ಕಡೆಯಿಂದ ನಾಲ್ಕು ಗಂಟೆಗೆ ಟ್ರ್ಯಾಕ್ಟರಿನಲ್ಲಿ ಮಣ್ಣು ಬರುವುದಿತ್ತು. ಬೆಳಿಗ್ಗೆ ಮುದಗಲ್‌ಗೆ ಫೋನ್ ಮಾಡಿದೆ. ಲೈನಿನಲ್ಲಿ ಗೊರಗೊರ ಸದ್ದು. ನಾನು ಹೇಳಿದ ಮಾತು ಇಷ್ಟು, ಒಂದು ಅಕ್ಷರ ಹೆಚ್ಚಿಲ್ಲ: "ಅತ್ತೆಯವರ ಕೋಣೆಗೆ ಇವತ್ತು ನಾಲ್ಕು ಗಂಟೆಗೆ ಮಣ್ಣು. ಅವರ ಹೊರಸು ತೆಗೆದುಕೊಂಡು ಬಾ. ತಡ ಮಾಡಬೇಡ, ನಾಲ್ಕರ ಮೇಲೆ ಇಡುವುದಕ್ಕೆ ಆಗುವುದಿಲ್ಲ." ಮಣ್ಣು ಬಂದು ಬಿದ್ದ ಮೇಲೆ ಬಾಗಿಲಲ್ಲಿ ಹೊರಸು ಹಾಯುವುದಿಲ್ಲ ಎಂಬುದು ನನ್ನ ಲೆಕ್ಕ. ಆ ಕಡೆಯಿಂದ "ಅಯ್ಯೋ" ಎಂದ ಹಾಗಾಯಿತು, ಲೈನ್ ಕಡಿಯಿತು. ನಾದಿನಿ ಉಪ್ಪು ಮುಗಿದರೂ ಅಯ್ಯೋ ಎನ್ನುವವಳು. ನಾನು ಲಕ್ಷ್ಯ ಕೊಡಲಿಲ್ಲ.

ಯಜಮಾನರು ಕಚೇರಿಗೆ ಹೋದ ಮೇಲೆ ಕೋಣೆ ಖಾಲಿ ಮಾಡಿಸಿದೆ. ಅತ್ತೆಯವರು ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿ, ಊಟ ಮುಗಿಸಿ ಬಂದರು. ಮಂಚ ಹೊರಗೆ ಹೋಗಿತ್ತು. ಪಡಸಾಲೆಯಲ್ಲಿ ಕಂಬಳಿಯ ಮೇಲೆ ಗೋಡೆಗೆ ಒರಗಿ, ಕಾಲು ಮಡಚಿ ಕುಳಿತಲ್ಲೇ ಅವರಿಗೆ ನಿದ್ದೆ ಹತ್ತಿತು. ಪಕ್ಕದಲ್ಲಿ ನಾನು ಯಾವಾಗಲೂ ಇಡುವ ಮಣ್ಣಿನ ಕುಡಿಕೆ, ಅದರಲ್ಲಿ ನಾಲ್ಕು ಸೇವಂತಿಗೆ.

ಮೂರರ ಸುಮಾರಿಗೆ ಮನೆಯ ಮುಂದೆ ಒಂದು ಟೆಂಪೊ ನಿಂತಿತು. ಅದರ ತುಂಬ ಮುದಗಲ್‌ನ ಬೀಗರು. ಹಿಂದೆ ಹಲಗೆ ಬಾರಿಸುವವರು. ತುದಿಗೆ ಹೊರಸು, ಕಾಲು ಮೇಲಾಗಿ. ಎಲ್ಲರೂ ಅಳುತ್ತಿದ್ದರು. ಅವರ ಕಡೆ ಯಾರೋ ತೀರಿಹೋಗಿರಬೇಕು, ದಾರಿಯಲ್ಲಿ ಹೊರಸು ಕೊಟ್ಟು ಹೋಗಲು ಬಂದಿದ್ದಾರೆ ಎಂದು ತಿಳಿದೆ. ಗಂಭೀರವಾಗಿ ಮುಂದೆ ಹೋಗಿ, "ಯಾರು ಹೋದರು?" ಎಂದು ಕೇಳಿದೆ.

ನಾದಿನಿ ನನ್ನನ್ನು ದುರುಗುಟ್ಟಿ ನೋಡಿದಳು. "ಯಾರು ಅಂತ ನನ್ನ ಕೇಳ್ತೀರೇನ್ ವೈನಿ? ಇಡಾಕ ಆಗೂದಿಲ್ಲ, ಲಗು ಬಾ ಅಂತ ಫೋನ್ ಮಾಡಿದವರು ಯಾರು?"

ಆಗ ನನಗೆ ಅರ್ಥವಾಯಿತು. ನಮ್ಮ ಕಡೆ ಸತ್ತವರನ್ನು ಹೂಳುವುದಕ್ಕೆ ಮಣ್ಣು ಎಂದೇ ಹೆಸರು. ಮಣ್ಣಿಗೆ ಹೋಗಿದ್ದೆ ಎಂದರೆ ಸ್ಮಶಾನಕ್ಕೆ. ನಾಲ್ಕಕ್ಕೆ ಮಣ್ಣು ಎಂದರೆ ನಾಲ್ಕಕ್ಕೆ ಹೆಣ ಎತ್ತುತ್ತಾರೆ. ನನ್ನ ತವರಿನಲ್ಲಿ ಅದನ್ನು ಅಂತ್ಯಕ್ರಿಯೆ ಎನ್ನುತ್ತಿದ್ದರು. ಫೋನು ಹಿಡಿದಾಗ ನನಗೆ ಗೋಡೆ ಮಾತ್ರ ತಲೆಯಲ್ಲಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವಳು ಒಳಗೆ ನುಗ್ಗಿದಳು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಪಡಸಾಲೆಯಲ್ಲಿ ಅತ್ತೆಯವರು ಅಚ್ಚುಕಟ್ಟಾಗಿ ಹಾಗೆಯೇ ಕುಳಿತಿದ್ದರು. ನಾದಿನಿ ಅವರ ಕಾಲ ಮೇಲೆ ಬಿದ್ದು ರಾಗವಾಗಿ ಅಳತೊಡಗಿದಳು.

"ನನ್ನವ್ವಾ, ಬೆಲ್ಲದಂಥಾ ಅವ್ವಾ... ನೆಲದಾಗ ಕುಂದ್ರಿಸಿ ನೆಲದಾಗ ಕೊಂದ್ರಲ್ಲೇ ಅವ್ವಾ... ಒಂದು ಕುರ್ಚಿ ಕಾಣಲಿಲ್ಲ, ಒಂದು ಗಾದಿ ಕಾಣಲಿಲ್ಲ... ಓದಿದ ಸೊಸಿ ಬರಿಗೋಡಿ ತೋರಿಸಿದಳಲ್ಲೇ ಅವ್ವಾ..."

ಬಂದ ಹೆಂಗಸರೆಲ್ಲ ಸೊಲ್ಲು ಕೂಡಿಸಿದರು. ಹಲಗೆ ಶುರುವಾಯಿತು. ನೆರೆಹೊರೆಯವರು ಓಡಿಬಂದರು. "ಅವರು ಮಲಗಿದ್ದಾರೆ!" ಎಂದು ನಾನು ಕೂಗಿದೆ. ಹಿರಿಯರೊಬ್ಬರು ನನ್ನ ಬೆನ್ನು ಸವರಿ, "ಹೌದವ್ವಾ, ಮಲಗ್ಯಾರ. ಶಾಂತ ಮಲಗ್ಯಾರ. ಮುಖದಾಗ ಏನ್ ಕಳಿ ಐತಿ ನೋಡು," ಎಂದರು. ಕಾನ್ವೆಂಟಿನಲ್ಲಿ ಕಲಿಸಿದ ಯಾವ ಶಿಸ್ತೂ ನನ್ನ ಉಪಯೋಗಕ್ಕೆ ಬರಲಿಲ್ಲ.

ಅಷ್ಟರಲ್ಲಿ ಹೊರಗೆ ಟ್ರ್ಯಾಕ್ಟರ್ ಬಂತು. ಡ್ರೈವರ್ ಗದ್ದಲದ ಮೇಲೆ ಗಂಟಲೆತ್ತಿ, "ಅಮ್ಮಾರ, ಮಣ್ಣು ಎಲ್ಲಿ ಹಾಕ್ಲಿ?" ಎಂದ. ಅಳು ಒಂದು ಕ್ಷಣ ನಿಂತಿತು. ಎಲ್ಲರೂ ನನ್ನನ್ನು ನೋಡಿದರು. "ಮನಿ ಮುಂದ ಹುಗಿತಾರೇನಪಾ!" ಎಂದು ಯಾರೋ ಅಂದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅದನ್ನು ದುಃಖ ಎಂದು ತಿಳಿದು ಇಬ್ಬರು ನನ್ನನ್ನು ಹಿಡಿದುಕೊಂಡರು.

ಅತ್ತೆಯವರಿಗೆ ಹಲಗೆಯ ಮೊದಲ ಪೆಟ್ಟಿಗೇ ಎಚ್ಚರವಾಗಿತ್ತು. ಇದನ್ನು ಅವರೇ ಆಮೇಲೆ ಹೇಳಿದರು. ತಮ್ಮ ಬಗ್ಗೆ ಮಂದಿ ಏನೇನು ಅನ್ನುತ್ತಾರೆ ಕೇಳೋಣ ಎಂದು ಕಣ್ಣು ಮುಚ್ಚಿಯೇ ಕುಳಿತಿದ್ದರು. ಕೇಳಿ ಸಂತೋಷವೂ ಆಗಿತ್ತಂತೆ. ಅಳುವಿನ ರಾಗ ಮುಂದುವರಿಯಿತು:

"ಕಿವ್ಯಾಗಿನ ಬುಗುಡಿ ನಿನಗ ಅಂದಿದ್ದೆಲ್ಲೇ ಅವ್ವಾ... ಬುಗುಡಿ ಮಣ್ಣಾಗ ಹೋದ್ರ ನನ್ನ ಜೀವ ಹೋದಂಗಲ್ಲೇ ಅವ್ವಾ..." ರಾಗ ಬಿಡದೆಯೇ ನಾದಿನಿಯ ಕೈ ಅವರ ಕಿವಿಗೆ ಹೋಯಿತು. ತಿರುಪು ಬಿಚ್ಚತೊಡಗಿತು.

ಅತ್ತೆಯವರು ಒಂದು ಕಣ್ಣು ತೆರೆದರು. "ಕೈ ತಗಿ."

ಹಲಗೆಯವರು ಹಲಗೆ ಬಿಟ್ಟು ಓಡಿದರು. ಬೆನ್ನು ಸವರಿದ ಹಿರಿಯರು ಬಾಗಿಲು ಕಾಣದೆ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು. ನಾದಿನಿ ಕೂತಲ್ಲೇ ಹಿಂದಕ್ಕೆ ಬಿದ್ದಳು, ಸೇವಂತಿಗೆಯ ಕುಡಿಕೆ ಒಡೆಯಿತು. ಅತ್ತೆಯವರು ಬುಗುಡಿಯ ತಿರುಪು ಬಿಗಿ ಮಾಡಿಕೊಂಡು ಬಂದವರನ್ನೆಲ್ಲ ಒಂದು ಸುತ್ತು ನೋಡಿದರು.

"ನಮ್ಮ ಅಕ್ಕನ ಮಕ್ಕಳು ಬಂದಿಲ್ಲೇನು ನನ್ನ ಮಣ್ಣಿಗೆ? ಇರ್ಲಿ, ನೋಡ್ಕೋತೀನಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮಂದಿ ದೂರದಿಂದ ಬಂದಾರ. ಅಡಗಿ ಮಾಡಸು."

ಅಡುಗೆ ಮಾಡಿಸಿದೆ. ಸತ್ತವರ ಮನೆಯ ಊಟವನ್ನು ಸತ್ತವರೇ ಎದುರು ನಿಂತು ಬಡಿಸಿದರು, ಒಲ್ಲೆ ಎಂದವರಿಗೂ ಎರಡೆರಡು ಸಲ. ಹೊರಡುವಾಗ ನಾದಿನಿ ಮುಖ ಸಣ್ಣ ಮಾಡಿಕೊಂಡು, "ಅವ್ವಾ, ಹೆಂಗೂ ಟೆಂಪೊ ಐತಿ, ಬಾ ಹೋಗೂಣು," ಎಂದಳು.

"ಯಾಕ, ಇನ್ನೊಂದು ಕಿವಿ ಉಳಿದೈತಿ ಅಂತೇನು?" ಎಂದರು ಅತ್ತೆಯವರು. "ನಾ ಎಲ್ಲೂ ಬರೂದಿಲ್ಲ. ಈಕಿ ಮನ್ಯಾಗ ಏನೂ ಇಲ್ಲ ಖರೇ. ಆದ್ರ ಇದ್ದದ್ದಕ್ಕ ಯಾರೂ ಕೈ ಹಾಕೂದಿಲ್ಲ."

ಮರುದಿನ ಮಣ್ಣು ಕಲಸಿದರು, ಗೋಡೆಗೆ ಮೆತ್ತಿದರು. ಉಗಾದಿ ಬಂತು, ಹೋಯಿತು. ಅತ್ತೆಯವರು ಆ ತಂಪಿನಲ್ಲಿ ತಮ್ಮ ಹೊರಸಿನ ಮೇಲೆ ಮಲಗಿದರು, ಎಲ್ಲಿಗೂ ಹೋಗಲಿಲ್ಲ.

ಆದರೆ ಅಂದಿನಿಂದ ನಾದಿನಿ ಪ್ರತಿ ಮದುವೆಯಲ್ಲಿ, ಪ್ರತಿ ತೊಟ್ಟಿಲ ಕಾರ್ಯದಲ್ಲಿ ಈ ಪ್ರಸಂಗ ಹೇಳುತ್ತಾ ಬಂದಿದ್ದಾಳೆ. ಅವಳು ಹೇಳುವ ಕಥೆಯಲ್ಲಿ ಕಾನ್ವೆಂಟ್ ಓದಿದ ಸೊಸೆ ಜೀವಂತ ಅತ್ತೆಗೆ ಹೊತ್ತು ಗೊತ್ತುಮಾಡಿ, ಮಣ್ಣನ್ನೂ ತರಿಸಿ ಇಟ್ಟಿದ್ದಳು. ಬುಗುಡಿ ಅದರಲ್ಲಿ ಬರುವುದೇ ಇಲ್ಲ. ಜನ ನಕ್ಕು ನನ್ನ ಕಡೆ ತಿರುಗುತ್ತಾರೆ, ನಾನು ಎಲೆ ಬಿಟ್ಟು ಏಳಲೂ ಆಗದೆ ತಲೆ ತಗ್ಗಿಸಿ ಕೂರುತ್ತೇನೆ. ಆದದ್ದು ಏನು ಎನ್ನುವುದನ್ನು ಮೇಲೆ ಬರೆದಿದ್ದೇನೆ. ಅವಳು ನಮ್ಮ ಮನೆಗೆ ಬಂದು, ನಾಲ್ಕು ಜನರ ಎದುರಿಗೆ, ನನ್ನಲ್ಲಿ ಕ್ಷಮೆ ಕೇಳಬೇಕು.